ಎರಡಕ್ಷರ ಒತ್ತಿದರೆ ಪಟ್ಟಿ ಇಳಿಯುತ್ತದೆ

ಬೆಳ್ತಂಗಡಿ ತಾಲೂಕಿನ ವೇಣೂರಿನಂಥ ಯಾವ ಪೇಟೆಗೆ ಹೋದರೂ ಬಸ್ ನಿಲ್ಲುವ ಜಾಗದ ಆಸುಪಾಸಿನಲ್ಲಿ ಒಂದು ಕಂಪ್ಯೂಟರ್ ಅಂಗಡಿ ಇದ್ದೇ ಇರುತ್ತದೆ. ಜೆರಾಕ್ಸ್, ಪಾಸ್‌ಪೋರ್ಟ್ ಸೈಜ್ ಫೋಟೋ, ಕರೆಂಟ್ ಬಿಲ್ಲು, ಆಧಾರ್ ಪ್ರಿಂಟು ಎಲ್ಲವೂ ಅಲ್ಲೇ. ಸೊಸೈಟಿ ಸಾಲಕ್ಕೆ ಅರ್ಜಿ ಹಾಕುವವರು ಬೆಳಗ್ಗೆಯೇ ಬಂದು ನಿಲ್ಲುತ್ತಾರೆ. "ಒಂದು ಆರ್‌ಟಿಸಿ ತೆಗೆದುಕೊಡಿ ಮಾರಾಯ್ರೆ, ಸರ್ವೆ ನಂಬರ್ ಉಂಟು."

ಅಂಗಡಿಯ ಹುಡುಗ ಕೀಬೋರ್ಡ್ ಮುಟ್ಟುವುದೇ ಕಡಿಮೆ. ಭೂ ದಾಖಲೆಗಳ ಪುಟದಲ್ಲಿ ಮೌಸ್ ಒತ್ತಿದರೆ ಜಿಲ್ಲೆಗಳ ಪಟ್ಟಿ ಇಳಿಯುತ್ತದೆ. ದಕ್ಷಿಣ ಕನ್ನಡ ಆರಿಸಿದ ಮೇಲೆ ತಾಲೂಕುಗಳ ಪಟ್ಟಿಯಲ್ಲಿ ಆ ಜಿಲ್ಲೆಯವು ಮಾತ್ರ. ಬೆಳ್ತಂಗಡಿ ಅಂದರೆ ಹೋಬಳಿ ಮೂರು: ಬೆಳ್ತಂಗಡಿ, ವೇಣೂರು, ಕೊಕ್ಕಡ. ವೇಣೂರು ಒತ್ತಿದರೆ ಆ ಹೋಬಳಿಯ ಗ್ರಾಮಗಳು. ಸರ್ವೆ ನಂಬರನ್ನು ಮಾತ್ರ ಬೆರಳಲ್ಲಿ ಒತ್ತಬೇಕು, ಅದಾದ ಮೇಲೆ ಹಿಸ್ಸಾ ಮತ್ತೆ ಪಟ್ಟಿಯಿಂದಲೇ. ಅರ್ಧ ನಿಮಿಷದಲ್ಲಿ ಆರ್‌ಟಿಸಿ, ಅಂದರೆ ಪಹಣಿ, ಪರದೆಯ ಮೇಲೆ.

ಹುಡುಗ ಒಂದೊಂದು ಆಯ್ಕೆ ಮಾಡಿದಾಗಲೂ ಎಲ್ಲೋ ದೂರದ ಕಂಪ್ಯೂಟರಿಗೆ ಒಂದು ಪ್ರಶ್ನೆ ಹೋಗಿ ಉತ್ತರ ಬರುತ್ತಿರುತ್ತದೆ. ಆ ಪ್ರಶ್ನೆಗೆ ಕ್ವೆರಿ ಎಂದು ಹೆಸರು. ಅಂಗಡಿಯವನ ಕ್ವೆರಿಗಳನ್ನು ಯಾರೋ ಮೊದಲೇ ಬರೆದಿಟ್ಟಿದ್ದಾರೆ. ಹಾಗೆ ಬರೆದಿಡುವವರಿಗೂ, ಅಂದರೆ ಪ್ರೋಗ್ರಾಮರುಗಳು, ಬ್ಯಾಂಕಿನ ಲೆಕ್ಕ ತೆಗೆಯುವವರು, ಆಸ್ಪತ್ರೆಯ ವರದಿ ಮಾಡುವವರು, ಇವರಿಗೂ ಈಗ ಇಂಥದ್ದೇ ಒಂದು ಪಟ್ಟಿ ಸಿಗುತ್ತದೆ. ಎರಡಕ್ಷರ ಒತ್ತುವಷ್ಟರಲ್ಲಿ ಕರ್ಸರಿನ ಕೆಳಗೆ ಹೆಸರುಗಳು ಇಳಿಯುತ್ತವೆ, ಟ್ಯಾಬ್ ಒತ್ತಿದರೆ ಉಳಿದದ್ದು ತಾನೇ ಭರ್ತಿಯಾಗುತ್ತದೆ. ಆಟೋ ಕಂಪ್ಲೀಟ್ ಎಂದು ಎಲ್ಲರ ಬಾಯಲ್ಲೂ ಇರುವ ಈ ಸೌಕರ್ಯ ಕ್ವೆರಿ ಬರೆಯುವ ಕಡೆಗೆ ಬಂದಾಗ ಸ್ವಲ್ಪ ವಿಚಿತ್ರವಾಗಿ ನಡೆದುಕೊಳ್ಳುತ್ತದೆ.

ಕಡತದಿಂದ ಟೇಬಲ್ಲಿಗೆ

ಕರ್ನಾಟಕದ ಹಳ್ಳಿಗಳಿಗೆ ಡೇಟಾಬೇಸ್ ದೊಡ್ಡ ಪ್ರಮಾಣದಲ್ಲಿ ಕಾಲಿಟ್ಟದ್ದು ಭೂಮಿ ಯೋಜನೆಯ ಮೂಲಕ. ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಪಹಣಿ ಪುಸ್ತಕಗಳು 2000ದ ಆಚೀಚೆಗೆ ಕಂಪ್ಯೂಟರಿಗೆ ಏರಿದವು. ಸುಮಾರು 2 ಕೋಟಿ ದಾಖಲೆ, 67 ಲಕ್ಷ ಭೂಮಾಲೀಕರು. ತಾಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರತೊಡಗಿತು.

ಇಂಥ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಹೇಗೆ ಇಡಬೇಕು ಎನ್ನುವುದಕ್ಕೆ 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಒಂದು ದಾರಿ ಹಾಕಿಕೊಟ್ಟರು. ಎಲ್ಲವನ್ನೂ ಸಾಲು ಮತ್ತು ಕಾಲಂ ಇರುವ ಟೇಬಲ್‌ಗಳಲ್ಲಿ ಇಡಿ, ಒಂದು ಟೇಬಲ್ಲಿಗೂ ಇನ್ನೊಂದಕ್ಕೂ ನಂಟು ಕಲ್ಪಿಸಲು ಎರಡರಲ್ಲೂ ಇರುವ ಒಂದು ಗುರುತು ಸಂಖ್ಯೆ ಸಾಕು ಎಂಬುದು ಅದರ ಸಾರ. 1974ರಲ್ಲಿ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಆ ಟೇಬಲ್‌ಗಳನ್ನು ಪ್ರಶ್ನಿಸಲು ಒಂದು ಭಾಷೆ ಕಟ್ಟಿದರು. ಇಂದು ಜಗತ್ತೆಲ್ಲ ಬಳಸುವ ಎಸ್‌ಕ್ಯುಎಲ್ ಅದೇ. ಲೆಕ್ಕಿಗರು, ಮ್ಯಾನೇಜರುಗಳು ಕೂಡ ಕೂತು ಬರೆಯುವಂತಿರಲಿ ಎಂದು ಅದನ್ನು ಇಂಗ್ಲಿಷ್ ವಾಕ್ಯದ ಹಾಗೆ ಮಾಡಿದ್ದರು. ಸೆಲೆಕ್ಟ್ ಇಂಥ ಕಾಲಂ, ಫ್ರಮ್ ಇಂಥ ಟೇಬಲ್, ವೇರ್ ಇಂಥ ಷರತ್ತು. ಈ ಅನುಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ತಕರಾರು ಇಲ್ಲಿಂದಲೇ ಹುಟ್ಟುವುದು.

ಹಿಚ್‌ಕಾಕ್ ಮತ್ತು ಐದನೇ ಸೆಮಿಸ್ಟರ್

ವೇಣೂರು ಸುತ್ತಿನ ಹುಡುಗ ಹುಡುಗಿಯರು ಎಂಜಿನಿಯರಿಂಗ್ ಓದಲು ದೂರ ಹೋಗಬೇಕಾಗಿಲ್ಲ. ಮೂಡುಬಿದಿರೆ ಬಳಿಯ ಮಿಜಾರಿನಲ್ಲಿ ಆಳ್ವಾಸ್ ತಾಂತ್ರಿಕ ಕಾಲೇಜಿದೆ, ಬಡಗ ಮಿಜಾರಿನಲ್ಲಿ ಮೈಟ್ ಇದೆ, ಇತ್ತ ಉಜಿರೆಯಲ್ಲಿ ಎಸ್‌ಡಿಎಂ. ಎಲ್ಲವೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯುಗೆ ಸೇರಿದವು. ಅದರ 2018ರ ಪಠ್ಯಕ್ರಮದಲ್ಲಿ ಐದನೇ ಸೆಮಿಸ್ಟರಿನ ಡೇಟಾಬೇಸ್ (ಡಿಬಿಎಂಎಸ್) ಲ್ಯಾಬಿಗೆ 18ಸಿಎಸ್‌ಎಲ್58 ಎಂಬ ಸಂಖ್ಯೆ. ಅದರಲ್ಲಿ ಐದು ಡೇಟಾಬೇಸು: ಲೈಬ್ರರಿ, ಆರ್ಡರ್, ಮೂವಿ, ಕಾಲೇಜು, ಕಂಪನಿ. ಬೀದರಿನಿಂದ ಬೆಳ್ತಂಗಡಿವರೆಗೆ ಆ ವರ್ಷಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ ಯಾರನ್ನು ಕೇಳಿದರೂ ಇವು ನೆನಪಿರುತ್ತವೆ.

ಮೂವಿ ಡೇಟಾಬೇಸಿನ ಮೊದಲ ಪ್ರಶ್ನೆ, ಹಿಚ್‌ಕಾಕ್ ನಿರ್ದೇಶಿಸಿದ ಚಿತ್ರಗಳ ಹೆಸರು ಕೊಡಿ ಎಂದು. ಹಿಚ್‌ಕಾಕನ ಒಂದು ಚಿತ್ರವನ್ನೂ ನೋಡದ ಸಾವಿರಾರು ಮಕ್ಕಳು ಅವನ ಹೆಸರನ್ನು ಮಾತ್ರ ಸರಿಯಾಗಿ ಟೈಪ್ ಮಾಡಲು ಕಲಿತದ್ದು ಈ ಲ್ಯಾಬಿನ ಒಂದು ಉಪಕಾರ. ಚಿತ್ರಗಳು ಮೂವೀಸ್ ಎಂಬ ಟೇಬಲ್ಲಿನಲ್ಲಿವೆ, ನಿರ್ದೇಶಕರು ಡೈರೆಕ್ಟರ್ ಟೇಬಲ್ಲಿನಲ್ಲಿ. ಎರಡನ್ನೂ ಬೆಸೆಯುವುದು ಡಿರ್_ಐಡಿ ಎಂಬ ಕಾಲಂ. ನಟರದು ಆಕ್ಟ್_ಐಡಿ, ಚಿತ್ರದ್ದು ಮೂವ್_ಐಡಿ, ಶೀರ್ಷಿಕೆ ಮೂವ್_ಟೈಟಲ್.

ಒರಾಕಲ್‌ನ ಎಸ್‌ಕ್ಯುಎಲ್ ಪ್ಲಸ್ ಎಂಬ ಹಳೆಯ ಪರದೆಯಲ್ಲಿ ಇದನ್ನು ಬರೆಯುವಾಗ ಯಾರೂ ಏನೂ ನೆನಪಿಸುವುದಿಲ್ಲ. ಟೇಬಲ್ ಹೆಸರು ಮೂವೀಸ್ ಎಂದೋ ಮೂವಿ ಎಂದೋ ತಲೆಯಲ್ಲಿ ಇರಬೇಕು. ತಪ್ಪಿದರೆ ಒಆರ್‌ಎ-00942, ಅಂಥ ಟೇಬಲ್ ಇಲ್ಲ. ಕಾಲಂ ತಪ್ಪಿದರೆ ಒಆರ್‌ಎ-00904, ಹೆಸರು ಸರಿಯಿಲ್ಲ. ಪರೀಕ್ಷೆಯ ದಿನ ಮುಕ್ಕಾಲು ಪಾಲು ಹೊತ್ತು ಹೋಗುವುದು ಯೋಚನೆಗಲ್ಲ, ಈ ಎರಡು ಸಂಖ್ಯೆಗಳ ಬೆನ್ನು ಹತ್ತುವುದಕ್ಕೆ.

ಪಟ್ಟಿ ಎಲ್ಲಿಂದ ಬರುತ್ತದೆ

ಹೆಸರು ನೆನಪಿಸುವ ಸೌಕರ್ಯ ಮಾಮೂಲಿ ಪ್ರೋಗ್ರಾಮರುಗಳಿಗೆ ಮೊದಲು ಸಿಕ್ಕಿತು. 1990ರ ದಶಕದ ನಡುವೆ ಮೈಕ್ರೋಸಾಫ್ಟ್ ತನ್ನ ವಿಷುವಲ್ ಬೇಸಿಕ್‌ನಲ್ಲಿ ಇಂಟೆಲಿಸೆನ್ಸ್ ಎಂಬ ಹೆಸರಿನಲ್ಲಿ ಅದನ್ನು ತಂದಿತು. ಕ್ವೆರಿ ಬರೆಯುವವರು ಕಾಯಬೇಕಾಯಿತು. ಅದೇ ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರ್ ಬಳಸುವವರಿಗೆ ಕಂಪನಿಯಿಂದಲೇ ಈ ಪಟ್ಟಿ ಸಿಕ್ಕಿದ್ದು 2008ರ ಆವೃತ್ತಿಯಲ್ಲಿ. ಅದಕ್ಕೂ ಮೊದಲೇ ರೆಡ್ ಗೇಟ್ ಎಂಬ ಬ್ರಿಟಿಷ್ ಕಂಪನಿ ಎಸ್‌ಕ್ಯುಎಲ್ ಪ್ರಾಂಪ್ಟ್ ಎಂಬ ಸಾಧನ ಮಾರುತ್ತಿತ್ತು. ಈಗ ಜೆಟ್‌ಬ್ರೇನ್ಸ್‌ನ ಡೇಟಾಗ್ರಿಪ್ ಇದೆ, ಪುಕ್ಕಟೆ ಸಿಗುವ ಡಿಬೀವರ್ ಇದೆ. ಕಪ್ಪು ಪರದೆ ಬಿಡಲೊಲ್ಲದವರಿಗೆ ಪಿಜಿಕ್ಲಿ, ಮೈಕ್ಲಿ ಎಂಬ ಪುಟ್ಟ ಸಾಧನಗಳೂ ಇವೆ.

ಇವುಗಳ ಒಳಗಿನ ಕೆಲಸ ಮಾಯೆಯೇನಲ್ಲ. ಪ್ರತಿ ಡೇಟಾಬೇಸೂ ತನ್ನಲ್ಲಿ ಯಾವ ಟೇಬಲ್‌ಗಳಿವೆ, ಯಾವುದರಲ್ಲಿ ಯಾವ ಕಾಲಂ, ಅದು ಸಂಖ್ಯೆಯೋ ಅಕ್ಷರವೋ ದಿನಾಂಕವೋ ಎಂಬ ಯಾದಿಯನ್ನು ತಾನೇ ಇಟ್ಟುಕೊಂಡಿರುತ್ತದೆ. ಆ ಯಾದಿಯೂ ಟೇಬಲ್‌ಗಳ ರೂಪದಲ್ಲೇ ಇರುತ್ತದೆ. ಸಾಧನ ಶುರುವಾದ ಕೂಡಲೇ ಅದನ್ನು ಓದಿ ತನ್ನ ಹತ್ತಿರ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ನೀವು ಬರೆಯುತ್ತಿರುವಾಗ ಅರ್ಧಂಬರ್ಧ ವಾಕ್ಯವನ್ನು ಬಿಡಿಸಿ ನೋಡುತ್ತದೆ. ಫ್ರಮ್ ಆದ ಮೇಲೆ ನಿಂತಿದ್ದೀರಾ, ಹಾಗಾದರೆ ಬೇಕಿರುವುದು ಟೇಬಲ್ಲಿನ ಹೆಸರು. ವೇರ್ ಆದ ಮೇಲಾದರೆ ಕಾಲಂ. ಒಂದು ಟೇಬಲ್ ಬರೆದು ಜಾಯಿನ್ ಎಂದರೆ, ಅದರೊಡನೆ ನಂಟು ಇರುವ ಇನ್ನೊಂದು ಟೇಬಲ್ ಯಾವುದೆಂದು ನೋಡಿ, ಯಾವ ಕಾಲಮಿನಿಂದ ಬೆಸೆಯಬೇಕು ಎಂಬುದನ್ನೂ ಸೇರಿಸಿ ಒಂದೇ ಏಟಿಗೆ ಮುಂದಿಡುತ್ತದೆ. ಈ ಕೊನೆಯದು ನಿಜವಾಗಿ ಸಮಯ ಉಳಿಸುವ ಸಂಗತಿ. ಮೂವೀಸ್ ಎಂದು ಬರೆದು ಜಾಯಿನ್ ಒತ್ತಿದರೆ ಡಿರ್_ಐಡಿ ತಾನಾಗಿಯೇ ಬಂದು ಕೂರುತ್ತದೆ. ಟೇಬಲ್ ಮಾಡುವಾಗಲೇ ಈ ನಂಟನ್ನು ಫಾರಿನ್ ಕೀ ಎಂದು ಯಾರಾದರೂ ದಾಖಲಿಸಿದ್ದರೆ ಮಾತ್ರ. ಎಷ್ಟೋ ಹಳೆಯ ಕಚೇರಿಗಳ ಡೇಟಾಬೇಸುಗಳಲ್ಲಿ ಅದನ್ನು ದಾಖಲಿಸಿಯೇ ಇರುವುದಿಲ್ಲ. ಅಲ್ಲಿ ಸಾಧನ ಒಂದೇ ಹೆಸರಿನ ಕಾಲಂ ನೋಡಿ ಊಹೆ ಮಾಡುತ್ತದೆ, ಇಲ್ಲವೇ ಸುಮ್ಮನಿರುತ್ತದೆ.

ಪ್ರತಿ ಇಟ್ಟುಕೊಳ್ಳುವುದರಿಂದ ಒಂದು ತಮಾಷೆಯೂ ಆಗುತ್ತದೆ. ಈಗಷ್ಟೇ ಹೊಸ ಟೇಬಲ್ ಮಾಡಿರುತ್ತೀರಿ, ಅದರ ಹೆಸರು ಬರೆದರೆ ಕೆಳಗೆ ಕೆಂಪು ಗೆರೆ. ಕ್ವೆರಿ ಓಡಿಸಿದರೆ ಸರಿಯಾಗಿ ಓಡುತ್ತದೆ, ಆದರೂ ಗೆರೆ ಹೋಗುವುದಿಲ್ಲ. ಹಳೆಯ ಯಾದಿಯನ್ನೇ ನೋಡುತ್ತಿರುವ ಸಾಧನಕ್ಕೆ ಹೊಸ ಟೇಬಲ್ಲಿನ ಸುದ್ದಿ ಇನ್ನೂ ಮುಟ್ಟಿಲ್ಲ, ಅಷ್ಟೇ. ಎಸ್‌ಕ್ಯುಎಲ್ ಸರ್ವರಿನ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಯಾದಿ ಹೊಸದಾಗುತ್ತದೆ. ಹೊಸಬರು ಇದು ಗೊತ್ತಿಲ್ಲದೆ ತಮ್ಮ ಸರಿಯಾದ ಕ್ವೆರಿಯನ್ನೇ ತಿದ್ದುತ್ತಾ ಕೂರುತ್ತಾರೆ.

ಬಾಲದಿಂದ ಶುರುವಾಗುವ ವಾಕ್ಯ

ಇನ್ನು ಆ ತಕರಾರು. ಎಸ್‌ಕ್ಯುಎಲ್‌ನಲ್ಲಿ ಮೊದಲು ಬರೆಯಬೇಕಾದದ್ದು ಸೆಲೆಕ್ಟ್, ಅದರ ಪಕ್ಕದಲ್ಲಿ ಕಾಲಂ ಹೆಸರು. ಯಾವ ಟೇಬಲ್ ಎಂದು ಹೇಳುವುದು ಆಮೇಲೆ. ಹಾಗಾಗಿ ಸೆಲೆಕ್ಟ್ ಎಂದು ಬರೆದು ಎಂ ಒತ್ತಿದಾಗ ಸಾಧನಕ್ಕೆ ನಿಮ್ಮ ಮನಸ್ಸಿನಲ್ಲಿರುವ ಟೇಬಲ್ ಯಾವುದೆಂದು ತಿಳಿಯುವ ದಾರಿಯೇ ಇಲ್ಲ. ಇಡೀ ಡೇಟಾಬೇಸಿನಲ್ಲಿ ಎಂ ಅಕ್ಷರದಿಂದ ಶುರುವಾಗುವ ಎಲ್ಲ ಕಾಲಂಗಳನ್ನೂ ಸುರಿಯಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡಿರಬೇಕು. ಐದು ಟೇಬಲ್ಲಿನ ಲ್ಯಾಬಿನಲ್ಲಿ ಇದು ಸಮಸ್ಯೆಯಲ್ಲ. ನೂರಾರು ಟೇಬಲ್ ಇರುವ ಬ್ಯಾಂಕಿನಲ್ಲಿ ಆ ಪಟ್ಟಿ ಇದ್ದೂ ಇಲ್ಲದಂತೆ.

ಪಳಗಿದವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಮೊದಲು ಸೆಲೆಕ್ಟ್ ನಕ್ಷತ್ರ (ಎಂದರೆ ಎಲ್ಲ ಕಾಲಂ) ಫ್ರಮ್ ಇಂಥ ಟೇಬಲ್ ಎಂದು ಬರೆದುಬಿಡುತ್ತಾರೆ, ಆಮೇಲೆ ಹಿಂದಕ್ಕೆ ಬಂದು ನಕ್ಷತ್ರ ಅಳಿಸಿ ಕಾಲಂ ತುಂಬುತ್ತಾರೆ. ಭೂಮಿ ಯೋಜನೆಯ ಪುಟ ನೋಡಿ, ಅದು ಮೊದಲಿಂದಲೂ ಇದೇ ಜಾಡಿನಲ್ಲಿದೆ. ಜಿಲ್ಲೆ ಹೇಳು, ತಾಲೂಕು ಹೇಳು, ಗ್ರಾಮ ಹೇಳು, ಏನು ತೋರಿಸಬೇಕು ಎಂಬುದು ಕೊನೆಗೆ. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲೂ ಗ್ರಾಮದ ಪುಸ್ತಕ ಕೆಳಗಿಳಿಸದೆ ಸಾಲು ಓದಲು ಆಗುತ್ತದೆಯೇ?

ಭಾಷೆ ಮಾಡುವವರಿಗೂ ಇದು ಹೊಳೆಯಿತು, ತಡವಾಗಿ. ಮೈಕ್ರೋಸಾಫ್ಟ್ 2007ರಲ್ಲಿ ಲಿಂಕ್ ಎಂಬ ಕ್ವೆರಿ ಶೈಲಿ ತಂದಾಗ ಫ್ರಮ್ ಅನ್ನು ಮೊದಲಿಗೆ ಇಟ್ಟಿತು. ಪಟ್ಟಿ ಸರಿಯಾಗಿ ಇಳಿಯಲಿ ಎಂಬುದೇ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು. ಫೇಸ್‌ಬುಕ್ 2015ರಲ್ಲಿ ಹೊರಬಿಟ್ಟ ಗ್ರಾಫ್‌ಕ್ಯುಎಲ್‌ನಲ್ಲೂ ಮೂಲದ ಹೆಸರು ಹೊರಗೆ, ಬೇಕಾದ ಕಾಲಂ ಒಳಗೆ. ಬೆಂಗಳೂರಿನ ನಂಟಿರುವ ಹಸುರ ಎಂಬ ಕಂಪನಿ ಇದರ ಮೇಲೇ ತನ್ನ ಕಸುಬು ಕಟ್ಟಿಕೊಂಡಿತು. ಸಾಮಾನ್ಯ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಗ್ರಾಫ್‌ಕ್ಯುಎಲ್ ಬಾಗಿಲು ಹಾಕಿಕೊಡುವ ಅದರ ಎಂಜಿನ್ 2018ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಡಕ್‌ಡಿಬಿ ಎಂಬ ಡಚ್ ಮೂಲದ ಡೇಟಾಬೇಸು ಫ್ರಮ್ ಮೊದಲು ಬರೆದರೂ ಒಪ್ಪುತ್ತದೆ. 2024ರಲ್ಲಿ ಗೂಗಲ್‌ನವರು ಎಸ್‌ಕ್ಯುಎಲ್‌ಗೇ ಹೊಸ ರೂಪ ಕೊಟ್ಟು, ಫ್ರಮ್‌ನಿಂದ ಹೊರಟು ಹಂತ ಹಂತವಾಗಿ ಸಾಗುವ ಪೈಪ್ ಶೈಲಿಯ ಬಗ್ಗೆ ಸಂಶೋಧನಾ ಲೇಖನ ಪ್ರಕಟಿಸಿದರು. ಐವತ್ತು ವರ್ಷದ ಅಭ್ಯಾಸ ಅಷ್ಟು ಬೇಗ ಬದಲಾಗುವುದು ಕಷ್ಟ, ಆದರೆ ಗಾಳಿ ಆ ಕಡೆಗೇ ಬೀಸುತ್ತಿದೆ.

ಬೆಳ್ತಂಗಡಿಗೆ ಎಷ್ಟು ಕಾಗುಣಿತ?

ಹೆಸರಿನ ಪಟ್ಟಿ ಸಿಗುತ್ತದೆ ಎಂದೆವು. ಅದು ಟೇಬಲ್ಲು, ಕಾಲಮುಗಳ ಹೆಸರು. ಆ ಕಾಲಮುಗಳ ಒಳಗೆ ಏನು ತುಂಬಿದೆ ಎಂಬುದು ಬೇರೆ ಮಾತು. ವೇರ್ ತಾಲೂಕು ಸಮ ಎಂದು ಬರೆದು ಉದ್ಧರಣ ಚಿಹ್ನೆ ಹಾಕಿದ ಮೇಲೆ ಬಹುತೇಕ ಸಾಧನಗಳು ಕೈಚೆಲ್ಲುತ್ತವೆ. ಅಲ್ಲಿಂದ ನಿಮ್ಮ ಬೆರಳು, ನಿಮ್ಮ ಕಾಗುಣಿತ.

ನಮ್ಮ ಕಡೆಯ ಊರುಗಳ ವಿಷಯದಲ್ಲಿ ಇದು ಸಣ್ಣ ತೊಂದರೆಯಲ್ಲ. ಬೆಳ್ತಂಗಡಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಟಿ ಆದ ಮೇಲೆ ಎಚ್ ಹಾಕುವವರಿದ್ದಾರೆ, ಹಾಕದವರಿದ್ದಾರೆ, ಕೊನೆಗೆ ವೈ ಬರೆಯುವವರೂ ಐ ಬರೆಯುವವರೂ ಇದ್ದಾರೆ. ಜನಗಣತಿಯ ಪುಸ್ತಕದಲ್ಲಿ ಎಚ್ ಇಲ್ಲ. ವೇಣೂರಿಗೆ ಯು ಒಂದು, ಜೋಡಿ ಒ ಇನ್ನೊಂದು. ಮೂಡುಬಿದಿರೆಯದ್ದಂತೂ ಕನ್ನಡದಲ್ಲೇ ಒಮ್ಮತವಿಲ್ಲ: ಮೂಡುಬಿದಿರೆ, ಮೂಡಬಿದ್ರಿ, ಮೂಡಬಿದಿರೆ. ಬಸ್ಸಿನ ಬೋರ್ಡಿನಲ್ಲಿ ಒಂದು, ಅಂಗಡಿಯ ಬೋರ್ಡಿನಲ್ಲಿ ಇನ್ನೊಂದು. ಡೇಟಾಬೇಸಿನಲ್ಲಿ ಒಂದು ಅಕ್ಷರ ಬೇರೆಯಾದರೂ ಅದು ಬೇರೆ ಊರು. ತಮಾಷೆ ಏನೆಂದರೆ ಇಲ್ಲಿ ಒಆರ್‌ಎ ಸಂಖ್ಯೆಯ ಬೈಗುಳವೂ ಬರುವುದಿಲ್ಲ. ಕ್ವೆರಿ ಸರಾಗ ಓಡುತ್ತದೆ, ಸೊನ್ನೆ ಸಾಲು ಎಂದು ಉತ್ತರ ಬರುತ್ತದೆ. ಬೆಳ್ತಂಗಡಿಯಲ್ಲಿ ಫಲಾನುಭವಿಗಳೇ ಇಲ್ಲ ಎಂದು ವರದಿ ಬರೆಯುವವನಿಗೆ ತಾನು ಎಡವಿದ್ದೇನೆ ಎಂಬ ಸುಳಿವೇ ಇರುವುದಿಲ್ಲ.

ಕನ್ನಡ ಲಿಪಿಯಲ್ಲೇ ತುಂಬಿದ ದಾಖಲೆಗಳಲ್ಲಿ ಇನ್ನೊಂದು ಕಣ್ಣಿಗೆ ಕಾಣದ ತೊಡಕಿದೆ. ಒತ್ತಕ್ಷರ ಆಗದಂತೆ ತಡೆಯಲು ಯೂನಿಕೋಡ್‌ನಲ್ಲಿ ಒಂದು ಅದೃಶ್ಯ ಅಕ್ಷರವಿದೆ. ಎಲ್ಲೋ ನಕಲು ಮಾಡಿ ಅಂಟಿಸಿದ ಊರಿನ ಹೆಸರಿನ ಕೊನೆಗೆ ಅದು ಸೇರಿಕೊಂಡಿದ್ದರೆ ಓದುವವನ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು. ಇದಕ್ಕೆಲ್ಲ ಮದ್ದು ಹಳೆಯದೇ. ಹೆಸರಿನ ಬದಲು ಸಂಖ್ಯೆಯ ಕೋಡ್ ಇಡುವುದು, ತುಂಬುವಾಗ ಟೈಪ್ ಮಾಡಲು ಬಿಡದೆ ಪಟ್ಟಿಯಿಂದಲೇ ಆರಿಸುವಂತೆ ಮಾಡುವುದು. ಅದರಲ್ಲೂ ಎಚ್ಚರ ಬೇಕು. ಮಂಗಳೂರು ತಾಲೂಕಿನಲ್ಲಿದ್ದ ಮೂಡುಬಿದಿರೆ ಈಗ ತಾನೇ ಒಂದು ತಾಲೂಕು. ಹತ್ತು ವರ್ಷದ ಅಂಕಿ ಅಂಶಗಳನ್ನು ಹೋಲಿಸುವ ಕ್ವೆರಿಯಲ್ಲಿ ಮಂಗಳೂರು ಇದ್ದಕ್ಕಿದ್ದಂತೆ ಕುಗ್ಗಿದ ಹಾಗೆ ಕಾಣುತ್ತದೆ.

ಪೂರ್ತಿ ಬರೆದುಕೊಡುವ ಕಾಲ

2021ರ ಜೂನ್‌ನಲ್ಲಿ ಗಿಟ್‌ಹಬ್ ಕೋಪೈಲಟ್ ಪ್ರಾಯೋಗಿಕವಾಗಿ ಬಂತು, 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ. ಹೆಸರು ಮಾತ್ರ ನೆನಪಿಸುತ್ತಿದ್ದ ಸಾಧನಗಳ ಪಕ್ಕದಲ್ಲಿ ಇಡೀ ಕ್ವೆರಿಯನ್ನೇ ಬರೆದುಕೊಡುವ ಸಾಧನಗಳು ಬಂದು ಕೂತವು. ಲೈಬ್ರರಿಯ ಯಾವ ಶಾಖೆಯಲ್ಲಿ ಪುಸ್ತಕದ ಎಷ್ಟು ಪ್ರತಿ ಇದೆ ಎಂದು ಸಾದಾ ಮಾತಿನಲ್ಲಿ ಕೇಳಿದರೆ ಸಾಕು.

ಎರಡಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಹಳೆಯ ಸಾಧನ ಯಾದಿ ನೋಡಿ ಹೇಳುತ್ತದೆ, ಯಾದಿಯಲ್ಲಿ ಇಲ್ಲದ್ದನ್ನು ಹೇಳುವುದಿಲ್ಲ. ಹೊಸದು ಈವರೆಗೆ ಓದಿದ ಕೋಟ್ಯಂತರ ಸಾಲುಗಳ ಬಲದಿಂದ ಮುಂದೆ ಏನು ಬರಬಹುದೆಂದು ಊಹಿಸುತ್ತದೆ. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನ ಹಳೆಯ ಕಂಡಕ್ಟರು ಮುಖ ನೋಡಿದ ಕೂಡಲೇ ವೇಣೂರು ಟಿಕೆಟ್ ಹರಿದುಕೊಡುತ್ತಾರಲ್ಲ, ಹಾಗೆ. ಹೆಚ್ಚಿನ ದಿನ ಸರಿ. ನೆಂಟರ ಮನೆಗೆಂದು ಗುರುವಾಯನಕೆರೆಗೆ ಹೊರಟ ದಿನ ಬಾಯಿಬಿಟ್ಟು ಹೇಳಬೇಕು. ಡೇಟಾಬೇಸಿನ ಯಾದಿಯನ್ನು ಜೊತೆಗೆ ಕೊಡದಿದ್ದರೆ ಹೊಸ ಸಾಧನ ಇಲ್ಲದ ಕಾಲಮಿನ ಹೆಸರನ್ನೂ ಧೈರ್ಯವಾಗಿ ಬರೆಯುತ್ತದೆ.

ಊಹೆ ಎಷ್ಟು ಸರಿ ಎಂದು ಅಳೆಯುವವರೂ ಇದ್ದಾರೆ. ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ 200 ಡೇಟಾಬೇಸುಗಳ ಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಪ್ರಶ್ನೆಗಳ ಸ್ಪೈಡರ್ ಎಂಬ ಪರೀಕ್ಷೆ ಮಾಡಿದರು. ಅದರ ಡೇಟಾಬೇಸುಗಳು ಚೊಕ್ಕವಾಗಿದ್ದವು. ನಿಜವಾದ ಕಚೇರಿಗಳಲ್ಲಿರುವಂತೆ ಕಸ ತುಂಬಿದ, ಹೆಸರಿನಿಂದ ಅರ್ಥ ಗೊತ್ತಾಗದ ಕಾಲಮುಗಳಿರುವ ಡೇಟಾಬೇಸುಗಳನ್ನು ಇಟ್ಟು 2023ರಲ್ಲಿ ಬರ್ಡ್ ಎಂಬ ಇನ್ನೊಂದು ಪರೀಕ್ಷೆ ಬಂತು. ಅದರಲ್ಲಿ ಆಗಿನ ಜಿಪಿಟಿ-4 ಪಡೆದದ್ದು ನೂರಕ್ಕೆ ಸುಮಾರು 55, ಮನುಷ್ಯರು ಸುಮಾರು 93. ಆಮೇಲಿನ ಸಾಧನಗಳು ಆ ಅಂತರವನ್ನು ಸಾಕಷ್ಟು ಕಡಿಮೆ ಮಾಡಿವೆ. ಆದರೂ ತಪ್ಪು ಯಾವ ಬಗೆಯದು ಎಂಬುದನ್ನು ಹತ್ತಿರದಿಂದ ನೋಡಬೇಕು.

ವಿಟಿಯು ಲೈಬ್ರರಿ ಡೇಟಾಬೇಸನ್ನೇ ತೆಗೆದುಕೊಳ್ಳಿ. ಪುಸ್ತಕಗಳಿಗೆ ಒಂದು ಟೇಬಲ್, ಲೇಖಕರಿಗೆ ಒಂದು, ಯಾವ ಶಾಖೆಯಲ್ಲಿ ಎಷ್ಟು ಪ್ರತಿ ಎಂಬುದಕ್ಕೆ ಒಂದು. ಪುಸ್ತಕ, ಲೇಖಕರು, ಒಟ್ಟು ಪ್ರತಿ ಮೂರನ್ನೂ ಒಂದೇ ಪಟ್ಟಿಯಲ್ಲಿ ಕೊಡು ಎಂದರೆ ಮೂರು ಟೇಬಲ್ಲನ್ನೂ ಬೆಸೆದು ಕೂಡಿಸುವ ಕ್ವೆರಿ ಬರುವ ಸಾಧ್ಯತೆ ಹೆಚ್ಚು. ಒಂದು ಪುಸ್ತಕಕ್ಕೆ ಇಬ್ಬರು ಲೇಖಕರಿದ್ದು ಶಾಖೆಯಲ್ಲಿ 10 ಪ್ರತಿ ಇದೆ ಅನ್ನಿ. ಬೆಸೆದ ಕೂಡಲೇ ಆ ಪುಸ್ತಕಕ್ಕೆ ಎರಡು ಸಾಲು, ಲೇಖಕರಿಗೊಂದರಂತೆ. ಎರಡೂ ಸಾಲಿನಲ್ಲಿ 10. ಕೂಡಿಸಿದರೆ 20. ಕೆಂಪು ಗೆರೆ ಇಲ್ಲ, ದೋಷದ ಸಂದೇಶವಿಲ್ಲ. ಕಪಾಟಿನಲ್ಲಿ ಮಾತ್ರ ಹತ್ತೇ ಪುಸ್ತಕ.

ಜಂಟಿ ಖಾತೆಯ ಜಮೀನಿನಲ್ಲೂ ಇದೇ ಆಗಬಹುದು. ಒಂದು ಹಿಸ್ಸಾಕ್ಕೆ ಅಣ್ಣತಮ್ಮಂದಿರು ನಾಲ್ವರ ಹೆಸರಿದ್ದರೆ, ಮಾಲೀಕರ ಟೇಬಲ್ಲನ್ನು ಬೆಸೆದು ವಿಸ್ತೀರ್ಣ ಕೂಡಿಸಿದವನ ಲೆಕ್ಕದಲ್ಲಿ ಒಂದು ಎಕರೆ ನಾಲ್ಕಾಗುತ್ತದೆ. ಇದನ್ನು ಹಿಡಿಯುವುದು ಟೇಬಲ್ ಬಲ್ಲವನಿಗಿಂತ ಜಮೀನು ಬಲ್ಲವನಿಗೆ ಸುಲಭ. ಆ ಗ್ರಾಮದ ಒಟ್ಟು ವಿಸ್ತೀರ್ಣ ಅಂದಾಜು ಎಷ್ಟು ಎಂಬುದು ಅವನಿಗೆ ಗೊತ್ತಿರುತ್ತದೆ.

ಹೊಸ ಸಾಧನಗಳದ್ದು ಇನ್ನೂ ಒಂದು ವಿಚಾರ. ಹಳೆಯವು ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತವೆ. ಹೊಸವುಗಳಲ್ಲಿ ಹೆಚ್ಚಿನವು ನೀವು ಬರೆದದ್ದನ್ನು, ಡೇಟಾಬೇಸಿನ ಯಾದಿಯನ್ನು, ಕೆಲವೊಮ್ಮೆ ಮಾದರಿಗೆಂದು ಕೊಟ್ಟ ಸಾಲುಗಳನ್ನೂ ಹೊರಗಿನ ಸರ್ವರಿಗೆ ಕಳುಹಿಸುತ್ತವೆ. ಲ್ಯಾಬಿನ ಹಿಚ್‌ಕಾಕ್ ಹೋದರೆ ಯಾರಿಗೂ ನಷ್ಟವಿಲ್ಲ. ಸಹಕಾರ ಸಂಘದ ಸದಸ್ಯರ ಹೆಸರು, ಸಾಲದ ಬಾಕಿ ಹೋಗುವುದಾದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಒಮ್ಮೆ ಓದಿಕೊಳ್ಳುವುದು ಮೇಲು.

ತಡೆಯುವ ಸಾಧನಗಳು

ಓದುವ ಕ್ವೆರಿ ತಪ್ಪಾದರೆ ವರದಿ ಹಾಳಾಗುತ್ತದೆ, ತಿದ್ದುವ ಕ್ವೆರಿ ತಪ್ಪಾದರೆ ದಾಖಲೆಯೇ ಹಾಳು. ಮೂವಿ ಡೇಟಾಬೇಸಿನ ಕೊನೆಯ ಪ್ರಶ್ನೆ, ಸ್ಟೀವನ್ ಸ್ಪೀಲ್‌ಬರ್ಗ್ ಚಿತ್ರಗಳಿಗೆಲ್ಲ ಐದು ಸ್ಟಾರ್ ಕೊಡಿ ಎಂದು. ವೇರ್ ಭಾಗ ಬರೆಯುವ ಮೊದಲೇ ಕೈತಪ್ಪಿ ಕ್ವೆರಿ ಓಡಿಸಿದರೆ ಹಿಚ್‌ಕಾಕನಿಗೂ ಐದು, ಎಲ್ಲರಿಗೂ ಐದು. ಆಟೋ ಕಂಪ್ಲೀಟ್‌ನಿಂದ ಬೆರಳಿನ ವೇಗ ಹೆಚ್ಚಿದಷ್ಟೂ ಈ ಅಪಾಯ ಹತ್ತಿರ.

ಅದಕ್ಕೇ ಅದೇ ಸಾಧನಗಳು ಈಗ ಕೈ ಹಿಡಿದು ನಿಲ್ಲಿಸುವ ಕೆಲಸವನ್ನೂ ಮಾಡುತ್ತವೆ. ವೇರ್ ಇಲ್ಲದ ಅಪ್‌ಡೇಟ್, ಡಿಲೀಟ್ ಕಂಡರೆ ಡೇಟಾಗ್ರಿಪ್, ಡಿಬೀವರ್ ಎರಡೂ ಖಾತ್ರಿಯೇ ಎಂದು ಕೇಳುತ್ತವೆ. ಮೈಎಸ್‌ಕ್ಯುಎಲ್ ವರ್ಕ್‌ಬೆಂಚು 1175 ಎಂಬ ದೋಷ ಸಂಖ್ಯೆ ತೋರಿಸಿ ಓಡಿಸಲೇ ಒಪ್ಪುವುದಿಲ್ಲ. ಮೈಎಸ್‌ಕ್ಯುಎಲ್‌ನ ಕಪ್ಪು ಪರದೆಯಲ್ಲೂ ಈ ರಕ್ಷಣೆಗೆ ಸೇಫ್ ಅಪ್‌ಡೇಟ್ಸ್ ಎಂಬ ಆಯ್ಕೆಯಿದೆ. ಅದಕ್ಕೆ ಬರೆದವರು ಇಟ್ಟ ಇನ್ನೊಂದು ಹೆಸರು ಐ-ಆಮ್-ಎ-ಡಮ್ಮಿ. ಬೇಕೆಂದರೆ ನಾನು ದಡ್ಡ ಎಂದು ಟೈಪ್ ಮಾಡಿಯೇ ಒಳಗೆ ಹೋಗಬಹುದು! ವರ್ಷಗಟ್ಟಲೆ ಅನುಭವ ಇರುವವರು ಇದನ್ನು ನಾಚಿಕೆಯಿಲ್ಲದೆ ಬಳಸುತ್ತಾರೆ.

ಒಳ್ಳೆಯ ಲ್ಯಾಬುಗಳಲ್ಲಿ ಕಲಿಸುವ ಕ್ರಮ ಇನ್ನೂ ಸರಳ. ಅಪ್‌ಡೇಟ್ ಮಾಡುವ ಮೊದಲು ಅದೇ ವೇರ್ ಇಟ್ಟು ಸೆಲೆಕ್ಟ್ ಓಡಿಸಿ ಎಷ್ಟು ಸಾಲು ಬರುತ್ತದೆ ನೋಡುವುದು. ಆಮೇಲೆ ಟ್ರಾನ್ಸಾಕ್ಷನ್ ಶುರು ಮಾಡಿ ಅಪ್‌ಡೇಟ್ ಕೊಟ್ಟು, ಬದಲಾದ ಸಾಲುಗಳ ಸಂಖ್ಯೆಯನ್ನು ಅದರೊಂದಿಗೆ ತಾಳೆ ನೋಡುವುದು. ಸರಿಯಿದ್ದರೆ ಬದಲಾವಣೆಯನ್ನು ಖಾಯಂ ಮಾಡುವ ಕಮಿಟ್, ಇಲ್ಲವಾದರೆ ಹಿಂದಕ್ಕೆ ಒಯ್ಯುವ ರೋಲ್‌ಬ್ಯಾಕ್. ಒರಾಕಲ್‌ನಲ್ಲಿ ಕಮಿಟ್ ಕೊಡುವ ತನಕ ಹಿಂದಕ್ಕೆ ಹೋಗುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ಹಾಗಲ್ಲ, ಪ್ರತಿ ಬದಲಾವಣೆಯನ್ನೂ ತಾನೇ ಖಾಯಂ ಮಾಡುವ ಆಟೋ ಕಮಿಟ್ ಮೊದಲಿಂದಲೇ ಚಾಲೂ ಇರುತ್ತದೆ. ಟ್ರಾನ್ಸಾಕ್ಷನ್ ಶುರು ಮಾಡಲು ಮರೆತು ಅಪ್‌ಡೇಟ್ ಒತ್ತಿದವರಿಗೆ ಅಲ್ಲಿ ಉಳಿಯುವ ದಾರಿ ಹೆಚ್ಚಾಗಿ ಹಿಂದಿನ ರಾತ್ರಿಯ ಬ್ಯಾಕಪ್.